ಮಾವನ ಅಟ್ಟದಲ್ಲಿ ಸಿಕ್ಕ ಹಳೇ ಕೋವಿ ಮದ್ದು: ಬಳಸಬಹುದಾ?

ಪ್ರಶ್ನೆ, ಪುಣೆಯ ವಾಕಡ್‌ನಿಂದ

ಎಲ್ಲರಿಗೂ ನಮಸ್ಕಾರ. ನಾವು ಮೂಲ ಕಾರವಾರದ ಕಡೆಯವರು. ಸೋದರಮಾವನ ತೋಟ ಗೋವಾದ ಕಾಣಕೋಣದಲ್ಲಿದೆ. ಮಾವನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಬಾಯಿಂದ ಮದ್ದು ತುಂಬಿ, ಗಜ ಅನ್ನುವ ಉದ್ದ ಕೋಲು ಹಾಕಿ ಜಡಿದು, ಕೇಪು ಅನ್ನುವ ಪುಟ್ಟ ಲೋಹದ ಮುಚ್ಚಳದ ಕಿಡಿಯಿಂದ ಹೊತ್ತಿಸುವಂಥದ್ದು. ಮಂಗ ಹೆದರಿಸಲು ಆಗೀಗ ಗಾಳಿಗೆ ಒಂದು ಈಡು ಹೊಡೆಯುತ್ತಿದ್ದರು, ಈಚೆಗೆ ಅದೂ ಇಲ್ಲ.

ಚೌತಿಗೆ ಹೋದಾಗ ಅಟ್ಟ ಗುಡಿಸಿದೆವು. ಮೂಲೆಯಲ್ಲಿ ಒಂದು ತಗಡಿನ ಡಬ್ಬಿ, ಒಳಗೆ ಸುಮಾರು ಅರ್ಧ ಕಿಲೋ ಕರಿ ಮದ್ದು. 1990ರ ಆಸುಪಾಸಿನದು ಅಂತ ಮಾವ ಹೇಳುತ್ತಾರೆ. ಮುಚ್ಚಳ ತೆಗೆದು ನೋಡಿದೆ. ಮೇಲೆ ಬೂದಿ ಉದುರಿದ ಹಾಗೆ ಬಿಳಿ ಕಟ್ಟಿದೆ, ಅಲ್ಲಲ್ಲಿ ಉಂಡೆಯಾಗಿದೆ. ಡಬ್ಬಿಯ ಚೀಟಿಯಲ್ಲಿ ಅರ್ಧ ಅಕ್ಷರ ಹೋಗಿದೆ. "ಎರಡು ಬಿಸಿಲು ಕಾಣಿಸಿದರೆ ಹೊಸದರ ಹಾಗೆ ಆಗುತ್ತದೆ, ದೀಪಾವಳಿಗೆ ಒಂದು ಈಡು ಹೊಡೆಯೋಣ" ಅಂತ ಮಾವನ ಉಮೇದು. ನನಗೆ ಧೈರ್ಯ ಸಾಲುತ್ತಿಲ್ಲ. ಮದ್ದು ಹಳತಾದರೆ ಕೆಡುತ್ತದಾ? ಅನುಭವ ಇದ್ದವರು ಹೇಳಿ.

ಪುಣೆಯ ಖಡ್ಕಿಯಿಂದ

ತಮ್ಮಾ, ಮೊದಲು ಒಂದು ಮಾತು. ಆ ಡಬ್ಬಿಯ ಮುಚ್ಚಳವನ್ನು ಮತ್ತೆ ತಿರುಗಿಸಬೇಡ. ಮುಚ್ಚಳದ ಸುತ್ತಿನಲ್ಲಿ ಮದ್ದಿನ ಪುಡಿ ಸಿಕ್ಕಿಕೊಂಡಿರುತ್ತದೆ, ತುಕ್ಕು ಬೇರೆ. ಉಜ್ಜಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಇಲ್ಲಿನ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. 1869ರಿಂದ ಇರುವ ಕಾರ್ಖಾನೆ ಅದು. ಮದ್ದಿನ ಕೆಲಸ ಇರುವ ಕಡೆ ಮೊಳೆ ಹೊಡೆದ ಬೂಟು ಹಾಕುವಂತಿಲ್ಲ, ಕಬ್ಬಿಣದ ಸಲಕರಣೆ ಮುಟ್ಟುವಂತಿಲ್ಲ. ಮರ, ಹಿತ್ತಾಳೆ, ತಾಮ್ರ, ಅಷ್ಟೇ. ಒಂದು ಕಿಡಿ ಸಾಕು ಅನ್ನುವುದನ್ನು ಮೊದಲ ದಿನವೇ ತಲೆಗೆ ತುಂಬುತ್ತಾರೆ. ಹಾಗಾಗಿ ನಿನ್ನ ಮಾವನ ಬಿಸಿಲಿನ ಮಾತು ಓದಿ ಕೂತಲ್ಲೇ ಬೆವರಿದೆ.

ಈಗ ನಿನ್ನ ಪ್ರಶ್ನೆ. ಕರಿ ಮದ್ದಿಗೆ ವಯಸ್ಸಾಗುವುದಿಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರೂ ಒಣಗಿದ್ದರೆ ಒಂದರ ತಂಟೆಗೆ ಇನ್ನೊಂದು ಹೋಗದೆ ಸುಮ್ನೆ ಕೂತಿರುತ್ತವೆ. ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಅದನ್ನು ಕೆಡಿಸುವುದು ನೀರು. ನಿಮ್ಮ ಕೊಂಕಣದ ಮಳೆಗಾಲದಲ್ಲಿ ಅಟ್ಟದ ಹಪ್ಪಳ ಕೂಡ ಮೆತ್ತಗಾಗುತ್ತದೆ, ಇನ್ನು ಮದ್ದು ಬಿಡುತ್ತದಾ? ಪಸೆ ಹಿಡಿದಾಗ ಪೆಟ್ಲುಪ್ಪು ಕರಗಿ ಕಾಳಿನೊಳಗಿಂದ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಒಣಗಿ ಹರಳು ಕಟ್ಟುತ್ತದೆ. ನೀನು ಕಂಡ ಬಿಳಿ ಅದೇ ಇರಬೇಕು. ಕಾರ್ಖಾನೆಯಲ್ಲಿ ಈ ಮೂರನ್ನೂ ಗಂಟೆಗಟ್ಟಲೆ ಅರೆದು ಒಂದು ಮಾಡಿರುತ್ತಾರೆ. ಆ ಬೆರಕೆಯೇ ಅದರ ಜೀವ. ಬೆರಕೆ ಒಮ್ಮೆ ಬಿಟ್ಟರೆ ಬಿಸಿಲಲ್ಲ, ಸೂರ್ಯನನ್ನೇ ಅಂಗಳಕ್ಕೆ ಇಳಿಸಿದರೂ ಮತ್ತೆ ಕೂಡಿಕೊಳ್ಳುವುದಿಲ್ಲ. ಒಂದು ಹಿಡಿ ಉಸ್ ಅಂತ ಉರಿದರೆ ಇನ್ನೊಂದು ಹಿಡಿ ಸರಿಯಾಗಿಯೇ ಸಿಡಿಯಬಹುದು. ಈಡಿಗೆ ನಂಬಿಕೆಯಿಲ್ಲ, ಕಿಡಿ ಬಿದ್ದರೆ ಮಾತ್ರ ಮನೆ ಸುಡುವಷ್ಟು ಶಕ್ತಿ ಇದೆ. ಎರಡೂ ಕಡೆಯಿಂದ ನಷ್ಟ.

ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಆ ಡಬ್ಬಿಯಲ್ಲಿ ಇರುವುದು ಕರಿ ಮದ್ದೇ ಅಂತ ನಿನಗೆ ಹೇಗೆ ಗೊತ್ತು? ಚೀಟಿ ಹೇಳುವುದು ಡಬ್ಬಿಯ ಕಥೆ, ಒಳಗಿನದಲ್ಲ. ತೋಟಾ (ಕಾರ್ಟ್ರಿಜ್) ಒಡೆದು ಅದರ ಮದ್ದನ್ನು ಖಾಲಿ ಡಬ್ಬಿಗೆ ಸುರಿದಿಡುವವರನ್ನು ನಾನು ಕಂಡಿದ್ದೇನೆ. ತೋಟಾದೊಳಗಿನದು ಹೊಗೆ ಬರದ ಮದ್ದು, ಅದರ ಜಾತಿಯೇ ಬೇರೆ. ಅದು ಹುಟ್ಟಿಸುವ ಒತ್ತಡ ಕೇಪಿನ ಕೋವಿಯ ನಳಿಗೆ ತಡೆಯುವಂಥದ್ದಲ್ಲ. ನಳಿಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸೀಳುತ್ತದೆ, ಎಡಗೈ ಇರುವ ಜಾಗದಲ್ಲೇ. ಆ ಮದ್ದಿಗೆ ವಯಸ್ಸೂ ಆಗುತ್ತದೆ. ಹುಳಿ ವಾಸನೆ, ಕೆಂಗಂದು ಹೊಗೆ ಅದರ ಗುರುತು. ಕಣ್ಣಿಂದ ನೋಡಿದರೆ ಕರಿ ಮದ್ದು ಒಡೆದ ಇದ್ದಿಲಿನ ನುಚ್ಚು, ಇನ್ನೊಂದು ಬಿಲ್ಲೆ, ಕಡ್ಡಿ ಅಥವಾ ಗುಂಡು ಕಾಳು. ಆದರೆ ಇದನ್ನು ನೋಡಿ ನಿರ್ಧಾರ ಮಾಡಬೇಡ, ಎರಡೂ ಬೆರೆತಿದ್ದರೆ ನಾನೂ ಹೇಳಲಾರೆ.

ಮುಂಬೈನ ಮುಲುಂಡ್‌ನಿಂದ

ಇಷ್ಟೆಲ್ಲ ಹೆದರಿಸಬೇಡಿ ಸರ್. ಇಲ್ಲಿ ರತ್ನಾಗಿರಿ ಕಡೆಯ ಮರಾಠಿ ಗೆಳೆಯರ ಮನೆಗಳಲ್ಲಿ 'ಠಾಸಣೀಚಿ ಬಂದೂಕ' ಅಂತ ಇದೇ ಕೋವಿ ಇರುತ್ತದೆ. ನಮ್ಮ ಅಜ್ಜ ಉಂಡೆಯಾದ ಮದ್ದನ್ನು ಹೆಂಚಿನ ಮೇಲೆ ಒಣಗಿಸಿ ಜರಡಿ ಹಿಡಿದು ಜೀವಮಾನವಿಡೀ ಬಳಸಿದರು. ಏನೂ ಆಗಲಿಲ್ಲ.

ಖಡ್ಕಿಯಿಂದ ಮತ್ತೆ

ಏನೂ ಆಗದವರ ಮೊಮ್ಮಕ್ಕಳೇ ಕಥೆ ಹೇಳಲು ಉಳಿಯುವುದು. ಜರಡಿ ಅಂದಿರಲ್ಲ, ಪ್ಲಾಸ್ಟಿಕ್ ಜರಡಿಯಾದರೆ ಸ್ಥಾಯಿ ವಿದ್ಯುತ್ತು, ಕಬ್ಬಿಣದ್ದಾದರೆ ಉಜ್ಜಾಟ. ಮೇಲಿಂದ ಸಣ್ಣ ಪುಡಿ ಗಾಳಿಗೆ ಏಳುತ್ತದೆ. ಅಜ್ಜನಿಗೆ ನನ್ನ ನಮಸ್ಕಾರ ಇರಲಿ.

ಡೊಂಬಿವಲಿಯಿಂದ

ನಾನು ಕೊಡಗಿನವಳು, ಮದುವೆಯಾಗಿ ಇಲ್ಲಿ ಬಂದು ಇಪ್ಪತ್ತು ವರ್ಷ. ನಮಗೆ ಕೋವಿ ಮನೆಯ ಹಿರಿಯರಿದ್ದ ಹಾಗೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಲೈಸೆನ್ಸಿನ ವಿನಾಯಿತಿಯೂ 2029ರವರೆಗೆ ಇದೆ. ಇಷ್ಟೆಲ್ಲ ಪಳಗಿದ ಮನೆಯಲ್ಲೇ ನಡೆದದ್ದು ಹೇಳುತ್ತೇನೆ.

ದೊಡ್ಡಪ್ಪ ತೀರಿಕೊಂಡಾಗ ಮೊದಲನೇ ಗುಂಡು ಸರಿಯಾಗಿ ಹೋಯಿತು. ಎರಡನೆಯದಕ್ಕೆ ಯಾರೋ ಪೆಟ್ಟಿಗೆಯ ತಳದಲ್ಲಿದ್ದ ಹಳೇ ಮದ್ದು ತುಂಬಿದ್ದರು. ಅಣ್ಣ ಟ್ರಿಗರ್ ಎಳೆದ, ಕೇಪಿಗೆ ಬಡಿಯುವ ಕುದುರೆ ಬಿತ್ತು, ಕೇಪು ಟಪ್ ಅಂದಿತು. ಅಷ್ಟೇ. ಅಂಗಳದಲ್ಲಿ ಅಳುತ್ತಿದ್ದವರೂ ಒಂದು ಕ್ಷಣ ನಿಲ್ಲಿಸಿದರು. ಅವನು ಕೋವಿ ಇಳಿಸಿ 'ಏನಾಯ್ತು' ಅಂತ ಬಾಯಿಯ ಕಡೆ ಬಗ್ಗುವವನೇ ಇದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನ ಮೊಣಕೈ ಹಿಡಿದು ಮೇಲೆತ್ತಿದರು. ಆಗ ಢಂ! ಜಡಿದಿದ್ದ ತೆಂಗಿನ ನಾರು ಉರಿಯುತ್ತಲೇ ಹಾರಿ ಕೊಟ್ಟಿಗೆಯ ಹುಲ್ಲಿನ ಮೇಲೆ ಬಿತ್ತು. ಇಬ್ಬರು ಓಡಿ ಹೋಗಿ ತುಳಿದು ಆರಿಸಿದರು.

ಹಳೇ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು, ಇದನ್ನು ಮರೆಯಬೇಡಿ. ಕೇಪು ಸಿಡಿದು ಈಡು ಹೋಗದಿದ್ದರೆ ಕೋವಿಯನ್ನು ಹಾಗೇ ಖಾಲಿ ದಿಕ್ಕಿಗೆ ಹಿಡಿದು ಕಡಿಮೆಯೆಂದರೆ ಎರಡು ನಿಮಿಷ ನಿಲ್ಲಬೇಕು. ಅಣ್ಣ ಈಗಲೂ ಆ ಮೊಣಕೈ ಉಜ್ಜಿಕೊಳ್ಳುತ್ತಿರುತ್ತಾನೆ.

ವಾಸ್ಕೋದಿಂದ

ಎಲ್ಲರೂ ಡಬ್ಬಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೋವಿ ಖಾಲಿ ಇದೆಯಾ ಅಂತ ಯಾರೂ ಕೇಳಲಿಲ್ಲವಲ್ಲ?

ಬಾಯಿಂದ ತುಂಬುವ ಕೋವಿಯನ್ನು ಮಡಚಿ ತೆರೆದು ನೋಡಲು ಬರುವುದಿಲ್ಲ. ತುಂಬಿ ಗೋಡೆಗೆ ನೇತು ಹಾಕಿ ಮರೆತರೆ ಅದು ಮೊಮ್ಮಕ್ಕಳ ಕಾಲಕ್ಕೂ ತುಂಬಿಯೇ ಇರುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಹಳೇ ಫಿರಂಗಿಯ ತುಕ್ಕು ತೆಗೆಯುವಾಗ ಒಳಗೆ ಗುಂಡು, ಜೊತೆಗೆ ಸುಮಾರು 800 ಗ್ರಾಂ ಮದ್ದು ಸಿಕ್ಕಿತು. 2013ರ ಜನವರಿಯಲ್ಲಿ. ಬ್ರಿಟಿಷರ ಹಡಗಿನ ಫಿರಂಗಿ ಅದು, ಇನ್ನೂರು ವರ್ಷದ ಮೇಲಿನದು. ಪೊಲೀಸರ ಬಾಂಬ್ ದಳ ಬಂದು ಮದ್ದು ತೆಗೆಯಬೇಕಾಯಿತು. ನಮ್ಮ ಕಡೆಯದೇ ಬೇಕಾದರೆ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಲ್ಲಿ 2018ರಲ್ಲಿ ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ, ಅಲ್ಲಿನ ಕೆಸರೇ ಮದ್ದಿನ ವಾಸನೆ ಹೊಡೆಯುತ್ತಿತ್ತು.

ನೋಡುವ ವಿಧಾನ ಸುಲಭ. ಮಾವನೇ ಮಾಡಲಿ, ಲೈಸೆನ್ಸ್ ಅವರದು. ಕುದುರೆಯ ಕೆಳಗೆ ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಾಯಿ ಯಾರ ಕಡೆಗೂ ಇರದ ಹಾಗೆ ಹಿಡಿದು, ಮರದ ಗಜವನ್ನು ಮೆಲ್ಲಗೆ ನಳಿಗೆಯೊಳಗೆ ಬಿಡಬೇಕು. ತಳ ಮುಟ್ಟಿದ ಮೇಲೆ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಸೀಮೆಸುಣ್ಣದ ಗೆರೆ. ಆಮೇಲೆ ಗಜ ಹೊರಗೆ ತೆಗೆದು, ಗೆರೆಯನ್ನು ಬಾಯಿಗೆ ಸರಿಯಾಗಿಟ್ಟು ನಳಿಗೆಯ ಹೊರಮೈಗೆ ಹಿಡಿಯಿರಿ. ಗಜದ ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ಜಡಿಯುವುದು, ಕೆರೆಯುವುದು, ಬಿಸಿ ಮಾಡುವುದು, ಹೊಡೆದು ಖಾಲಿ ಮಾಡುತ್ತೇನೆ ಅನ್ನುವುದು ಯಾವುದೂ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋಗಲಿ.

ನಮ್ಮ ಮಾವನವರ ಕೋವಿ ಹೀಗೇ ತುಂಬಿದ್ದು ಪತ್ತೆಯಾಯಿತು. ಮಕ್ಕಳು ಅದನ್ನು ಹಿಡಿದು ಫೋಟೋ ತೆಗೆಸಿಕೊಂಡಿದ್ದರು.

ಮಡಗಾಂವ್‌ನಿಂದ

ನಾನು ಕೋರ್ಟಿಗೆ ಹೋಗುವ ವಕೀಲೆ, ಚುಟುಕಾಗಿ ಹೇಳುತ್ತೇನೆ. ಎಷ್ಟು ಮದ್ದುಗುಂಡು ಇಟ್ಟುಕೊಳ್ಳಬಹುದು ಅಂತ ಮಾವನ ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ತಪ್ಪು. ದೀಪಾವಳಿಯ ಈಡು ಬೇಡ. ಸಂಭ್ರಮಕ್ಕೆ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಲೈಸೆನ್ಸ್ ಬೆಳೆ ಕಾಯಲು ಕೊಟ್ಟಿದ್ದು. 'ಪುಣೆಯಲ್ಲಿ ಯಾರಿಗಾದರೂ ತೋರಿಸುತ್ತೇನೆ' ಅಂತ ಡಬ್ಬಿಯನ್ನು ರೈಲಿಗೆ ಹತ್ತಿಸಲೇಬೇಡಿ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಡಬ್ಬಿಯನ್ನು ನೀವಾಗಿ ಠಾಣೆಗೂ ಒಯ್ಯಬೇಡಿ. ಅದು ಇದ್ದಲ್ಲೇ ಇರಲಿ. ಮಾವ ಪುಸ್ತಕ ಹಿಡಿದು ಹೋಗಿ ತಿಳಿಸಲಿ, ಅವರು ಬಂದು ಒಯ್ಯುತ್ತಾರೆ.

ವಾಕಡ್‌ನಿಂದ, ಮೂರು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಉತ್ತರಗಳನ್ನು ಫೋನಿನಲ್ಲಿ ಮಾವನಿಗೆ ಓದಿ ಹೇಳಿದೆ. ಖಡ್ಕಿಯ ಅಣ್ಣ ಬರೆದದ್ದಕ್ಕೆ 'ಪುಸ್ತಕದ ಮಾತು' ಅಂದರು. ಡೊಂಬಿವಲಿ ಅಕ್ಕನ ಕಥೆಗೆ ಸುಮ್ಮನಾದರು. ಮರುದಿನ ತಾವೇ ಠಾಣೆಗೆ ಹೋಗಿ ಬಂದರು. ಎರಡು ದಿನ ಬಿಟ್ಟು ಜೀಪಿನಲ್ಲಿ ಬಂದವರು ಡಬ್ಬಿ ಒಯ್ದರು. ಅಟ್ಟಕ್ಕೆ ಹತ್ತುವ ಮೊದಲು ಅತ್ತೆಯ ಒಲೆ ಆರಿಸಿಸಿದರಂತೆ. ಆ ದಿನ ಊಟ ತಡವಾದದ್ದಕ್ಕೆ ಮಾವ ಇನ್ನೂ ಗೊಣಗುತ್ತಾರೆ.

ಗಜದ ಪರೀಕ್ಷೆಯನ್ನು ನಾನು ಅಲ್ಲಿಗೆ ಹೋದ ಮೇಲೆ ಮಾಡಿದೆವು. ಮಾವ ನಗುತ್ತಲೇ ಗೆರೆ ಎಳೆದರು. ಗಜ ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದರೆ ನಾಲ್ಕು ಬೆರಳು ಮೊದಲೇ ನಿಂತಿತು. ಇನ್ನೊಮ್ಮೆ ಮಾಡಿದರು. ಮತ್ತೆ ನಾಲ್ಕು ಬೆರಳು. "ನಾನು ತುಂಬಿಲ್ಲ" ಅಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು: "ಆ ವರ್ಷ ಮಂಗ ಬಂತು ಅಂತ ತುಂಬಿದಿರಿ. ನೀವು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮಂಗ ಓಡಿ ಹೋಗಿತ್ತು. ಕೇಪು ಮಾತ್ರ ತೆಗೆದು ಒಳಗಿಟ್ಟಿರಿ."

ಯಾವ ವರ್ಷ ಅಂತ ಇಬ್ಬರಿಗೂ ನೆನಪಿಲ್ಲ. ಕೋವಿಯನ್ನು ಮಾವನೇ ರಿಪೇರಿಯವರ ಹತ್ತಿರ ಒಯ್ದರು. ಅವರು ಮೊದಲು ನಾರು ಎಳೆದರು, ಆಮೇಲೆ ಮದ್ದು ಹೊರಗೆ ಬಂತು. ಒಂದು ಚೂರೂ ಬಿಳಿ ಕಟ್ಟಿರಲಿಲ್ಲ, ಹೊಳೆಯುವ ಕಪ್ಪು.