ಅಪ್‌ಡೇಟ್: ಅಪ್ಪನ ಪುಸ್ತಕಗಳ ಕಥೆ ಕ್ರಿಸ್‌ಮಸ್‌ಗೆ ಬಗೆಹರಿಯಿತು

ಬೆಳಗಾವಿ ಕ್ಯಾಂಪಿನ ಹಳೇ ಮನೆ ಬಿಟ್ಟು ಟಿಳಕವಾಡಿಯ ಸಣ್ಣ ಫ್ಲಾಟ್‌ಗೆ ಹೋಗುವಾಗ ಅಪ್ಪನ ಪುಸ್ತಕಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳಿದ್ದೆನಲ್ಲ, ಅದರ ಸುದ್ದಿ ಇದು.

"ಆರು ತಿಂಗಳು ಮುಟ್ಟದಿದ್ದರೆ ಕೊಟ್ಟುಬಿಡಿ" ಅನ್ನೋ ಸಲಹೆ ನಡೆಯಲಿಲ್ಲ. ಕ್ರಿಸ್‌ಮಸ್ ಹಾಡುಗಳ ಕ್ಯಾರಲ್ ಪುಸ್ತಕವನ್ನು ಡಿಸೆಂಬರ್ ಬಿಟ್ಟು ಯಾವಾಗ ಮುಟ್ಟುತ್ತೇವೆ ಹೇಳಿ!

"ಹಬ್ಬಕ್ಕೆ ಸೇರಿದಾಗ ಅವರವರೇ ಆರಿಸಲಿ" ಅಂದಿದ್ದು ಕೆಲಸಕ್ಕೆ ಬಂತು. ಫೋರ್ಕಿನ ಬೆನ್ನಿಗೆ ಕ್ರಿಸ್‌ಮಸ್ ಸಿಹಿತಿಂಡಿ ಕಲ್‌ಕಲ್ ಒತ್ತುತ್ತಲೇ ಹಂಚಿಕೆ ಮುಗಿಯಿತು. ಅಜ್ಜಿಯ ಎಣ್ಣೆಜಿಡ್ಡಿನ ಅಡುಗೆ ವಹಿಗೆ ಮಾತ್ರ ಜಗಳ. ಫೋಟೊ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಹೋಯಿತು, ವಹಿ ದೊಡ್ಡಕ್ಕನಿಗೆ.

ಹೊಸದಾಗಿ ತಿಳಿದಿದ್ದು: ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ನಮ್ಮಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ಎಷ್ಟೋ ಹಳೇ ಪುಸ್ತಕ ನೆಟ್‌ನಲ್ಲಿ ಪುಕ್ಕಟೆ. 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟೂ ಸಿಕ್ಕಿತು. ನಮ್ಮ ದಪ್ಪ ಮರುಮುದ್ರಣ ಪಕ್ಕದ ಮನೆ ಮಾಸ್ತರರಿಗೆ ಹೋಯಿತು.