ಮೈಕ್ರೋವೇವ್‌ನಲ್ಲಿ ಬಿಸಿಬೇಳೆಬಾತ್: ಅಂಚು ಕುದಿಯುತ್ತದೆ, ನಡುವೆ ತಣ್ಣಗೆ

ಪ್ರಶ್ನೆ (ಹೊಸ ಸಂಸಾರಿ)
ಫ್ರಿಜ್‌ನಲ್ಲಿದ್ದ ಬಿಸಿಬೇಳೆಬಾತನ್ನು ಬಟ್ಟಲಿನಲ್ಲಿ ಬಿಸಿಗಿಟ್ಟೆ. ಅಂಚಿನಲ್ಲಿ ಕೊತಕೊತ ಕುದಿಯುತ್ತಿದ್ದರೂ ನಡುವೆ ಹಾಗೆಯೇ ತಣ್ಣಗಿದೆ. ಮೈಕ್ರೋವೇವ್ ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎನ್ನುತ್ತಾರಲ್ಲ? ರಿಪೇರಿಗೆ ಕೊಡಬೇಕೇ?

ಉತ್ತರ (ನಿವೃತ್ತ ಭೌತಶಾಸ್ತ್ರ ಮೇಷ್ಟ್ರು)
ರಿಪೇರಿ ಬೇಕಿರುವುದು ಆ ಮಾತಿಗೆ. ಪಾಠ ಹೇಳುತ್ತಿದ್ದ ಕಾಲದಿಂದಲೂ ಕೇಳಿ ಸಾಕಾಗಿದೆ.

ಒಳಗಿನ ಮ್ಯಾಗ್ನೆಟ್ರಾನ್ 2.45 ಗಿಗಾಹರ್ಟ್ಸ್ ಅಲೆಗಳನ್ನು ಹೊರಡಿಸುತ್ತದೆ. ಅಂದರೆ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಸಲ ಆಂದೋಲಿಸುತ್ತದೆ. ನೀರಿನ ಅಣುವಿನ ಒಂದು ಬದಿ ಧನ, ಇನ್ನೊಂದು ಋಣ. ಕ್ಷೇತ್ರದ ಜೊತೆ ಹೊರಳಲು ಹೋಗಿ ಅದು ಅಕ್ಕಪಕ್ಕದ ಅಣುಗಳನ್ನು ತಾಕುತ್ತದೆ. ಶಾಖ ಹುಟ್ಟುವುದು ಹೀಗೆ. ಆದರೆ ಬಾತಿನಂಥ ನೀರಿನಂಶದ ಪದಾರ್ಥದಲ್ಲಿ ಅಲೆ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಹೀರಿಹೋಗುತ್ತದೆ. ನಡುಭಾಗಕ್ಕೆ ಶಾಖ ಅಂಚಿನಿಂದ ನಿಧಾನವಾಗಿ ಹರಿದು ಬರಬೇಕು.

ಇನ್ನು, ಅಲೆ ಎಲ್ಲ ಕಡೆ ಒಂದೇ ಸಮನಾಗಿ ಬೀಳುವುದೂ ಇಲ್ಲ. ಬೇಕಾದರೆ ಪರೀಕ್ಷಿಸಿ. ತಿರುಗುವ ಗಾಜಿನ ತಟ್ಟೆ ತೆಗೆದು, ತಿರುಗದಂತೆ ಇನ್ನೊಂದು ತಟ್ಟೆಯಿಟ್ಟು ಅದರ ತುಂಬ ಉದ್ದಿನ ಹಪ್ಪಳ ಜೋಡಿಸಿ. ಅರ್ಧ ನಿಮಿಷದೊಳಗೆ ಕೆಲವು ಕಡೆ ಬಿಳಿ ಗುಳ್ಳೆ ಎದ್ದು ಅರಳುತ್ತದೆ, ಪಕ್ಕದಲ್ಲೇ ಹಸಿಯಾಗಿ ಉಳಿಯುತ್ತದೆ. ಅಲೆಗಳು ಗೋಡೆಗೆ ಬಡಿದು ಒಂದರ ಮೇಲೊಂದು ಕೂಡಿ ಬಿಸಿ ತಾಣಗಳಾಗುವುದೇ ಕಾರಣ. ತರಂಗದೂರ, ಅಂದರೆ ಒಂದು ಅಲೆಯ ಉದ್ದ, ಸುಮಾರು 12 ಸೆಂಟಿಮೀಟರ್, ಅದರರ್ಧ ಆರು. ತಾಣಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ. ತಟ್ಟೆ ತಿರುಗುವುದು ಶೋಕಿಗಲ್ಲ ಸ್ವಾಮಿ. ಹಸಿ ಉಳಿದ ಹಪ್ಪಳವನ್ನು ಆಮೇಲೆ ಕೆಂಡದ ಮೇಲೆ ಸುಟ್ಟುಕೊಳ್ಳಿ, ರುಚಿ ಅದರಲ್ಲೇ ಹೆಚ್ಚು.

ಉತ್ತರ (ಮೆಸ್ ನಡೆಸುವವಳು)
ಮೇಷ್ಟ್ರು ಊಟದ ದಾರಿ ಹೇಳಲಿಲ್ಲ! ಬಾತನ್ನು ಅಗಲವಾದ ಪಿಂಗಾಣಿ ತಟ್ಟೆಗೆ ಹರಡಿ, ನಡುವೆ ಗುಳಿ ಮಾಡಿ, ನೀರು ಚಿಮುಕಿಸಿ ಮುಚ್ಚಿ. ಅರ್ಧದಲ್ಲಿ ತೆಗೆದು ಕಲಸಿ ಮತ್ತೆ ಇಡಿ. ದೋಸೆಯನ್ನು ಮಾತ್ರ ಇಡಬೇಡಿ, ಮೆತ್ತಗಾಗುತ್ತದೆ.

ಪ್ರಶ್ನೆ (ಹೊಸ ಸಂಸಾರಿ)
ಗುಳಿ ಮಾಡಿದ್ದು ಫಲಿಸಿತು. ಇನ್ನೊಂದು: ಫ್ರೀಜರ್‌ನ ಕಾಯಿತುರಿ ಒಂದು ಮೂಲೆಯಲ್ಲಿ ಸುಡುತ್ತದೆ, ಉಳಿದದ್ದು ಕಲ್ಲಿನಂತೆಯೇ ಇರುತ್ತದೆ.

ಉತ್ತರ (ನಿವೃತ್ತ ಭೌತಶಾಸ್ತ್ರ ಮೇಷ್ಟ್ರು)
ಮಂಜುಗಡ್ಡೆಯಲ್ಲಿ ಅಣುಗಳು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ, ಹೊರಳಲಾರವು. ಹಾಗಾಗಿ ಅಲೆಯನ್ನು ಹೀರುವುದು ಅತ್ಯಲ್ಪ. ಮೊದಲು ಕರಗಿದ ಮೂಲೆಯೇ ಎಲ್ಲವನ್ನೂ ಹೀರಿ ಇನ್ನಷ್ಟು ಕಾಯುತ್ತದೆ. ಡಿಫ್ರಾಸ್ಟ್ ಗುಂಡಿ ಒತ್ತಿ. ಆಗ ಹಲವು ಯಂತ್ರಗಳಲ್ಲಿ ಮ್ಯಾಗ್ನೆಟ್ರಾನ್ ಸ್ವಲ್ಪ ಹೊತ್ತು ಓಡಿ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಬಿಡುವಿನಲ್ಲಿ ಮೂಲೆಯ ಶಾಖ ಉಳಿದ ತುರಿಗೂ ಹರಡುತ್ತದೆ.