ಐಸಿಡಿ ಕೋಡ್ ಪ್ರಶ್ನೋತ್ತರ: ಕಂಪ್ಯೂಟರ್ ದಾಖಲೆಗೆ ಬದಲಾಗುತ್ತಿರುವ ಕ್ಲಿನಿಕ್‌ಗಳಿಗಾಗಿ

ನಿರ್ವಾಹಕರು: ಕೇಸ್‌ಶೀಟ್ ಬಿಟ್ಟು ಕಂಪ್ಯೂಟರಿಗೆ ಬರುತ್ತಿರುವ ಕ್ಲಿನಿಕ್, ನರ್ಸಿಂಗ್ ಹೋಂಗಳವರು ರೋಗನಿರ್ಣಯದ ಕೋಡ್‌ಗಳ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿಯ ಬಗ್ಗೆ ಕೇಳಬಹುದು. ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ಮೇಡಂ ಉತ್ತರಿಸುತ್ತಾರೆ. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಬೇಡ.

ಹಾಸನದ ವೈದ್ಯರು: ಮೇಡಂ, ಐಸಿಡಿ-11 ಬಂದಿದೆಯಲ್ಲ, ಐಸಿಡಿ-10 ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಡಿ ಸರ್. ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟದಲ್ಲಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿ 1ರಂದು. ಆದರೆ ವಿಮೆಯ ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆ ತುಂಬುವ ಬಿ ಭಾಗ ಕೇಳುವುದು ಐಸಿಡಿ-10ನ್ನು. ಎರಡಕ್ಕೂ ಜಾಗವಿರುವ ಸಾಫ್ಟ್‌ವೇರ್ ಇರಲಿ.

ಮಂಡ್ಯದ ದಾಖಲೆ ಸಿಬ್ಬಂದಿ: ರಕ್ತದೊತ್ತಡಕ್ಕೆ 110 ಎಂದು ಹಾಕಿದರೆ ‘ಅಮಾನ್ಯ’ ಎಂದು ಬರುತ್ತಿದೆ.

ಉತ್ತರ: ಮೊದಲನೆಯದು ಒಂದು ಅಲ್ಲ, ಇಂಗ್ಲಿಷ್ ಅಕ್ಷರ ಐ. ಐ10. ಗರ್ಭಿಣಿಯರ ಮಧುಮೇಹದ ಒ24ರಲ್ಲೂ ಮೊದಲು ಇರುವುದು ಅಕ್ಷರವೇ, ಸೊನ್ನೆಯಲ್ಲ. ಈ ಗೊಂದಲ ಬೇಡವೆಂದೇ ಐಸಿಡಿ-11ರ ಕೋಡ್‌ಗಳಲ್ಲಿ ಆ ಎರಡು ಅಕ್ಷರಗಳನ್ನು ಕೈಬಿಟ್ಟಿದ್ದಾರೆ.

ತುಮಕೂರಿನ ದಂತವೈದ್ಯೆ: ಚಿಕ್ಕ ಕ್ಲಿನಿಕ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ದಾವಣಗೆರೆಯ ವೈದ್ಯೆ: ಮೇಡಂ, ನನ್ನ ರೋಗಿಯೊಬ್ಬರಿಗೆ 46 ವರ್ಷ. ಕಳೆದ ವರ್ಷ ತೀವ್ರ ಅಸ್ತಮಾ ಎಂದು ಬೇರೆ ಕಡೆ ದಾಖಲಾಗಿದ್ದರು. ಸ್ಟೀರಾಯ್ಡ್ ಚುಚ್ಚುಮದ್ದಿನ ನಂತರ ಸಕ್ಕರೆ 240 ಮುಟ್ಟಿತ್ತು. ಡಿಸ್ಚಾರ್ಜ್ ಸಾರಾಂಶದಲ್ಲಿ ಇ11.9, ಅಂದರೆ ಟೈಪ್ 2 ಮಧುಮೇಹ ಎಂದಿದೆ. ಆಗ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 5.4 ಇತ್ತು, ಈಗ 5.5. ಎರಡೂ ಮಧುಮೇಹದ ಮಟ್ಟಕ್ಕಿಂತ ಕಡಿಮೆ. ಆಮೇಲೆ ಪಾಲಿಸಿ ಮಾಡಿಸುವಾಗ ಅಸ್ತಮಾ ಇರುವುದನ್ನು ಹೇಳಿದ್ದಾರೆ. ಈಗ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಕ್ಲೇಮನ್ನು ‘ಮಧುಮೇಹ ಮುಚ್ಚಿಟ್ಟಿದ್ದಾರೆ’ ಎಂದು ತಿರಸ್ಕರಿಸಿದ್ದಾರೆ.

ಉತ್ತರ: ಆಗಿನ ಕೇಸ್‌ಶೀಟ್ ನಿಮ್ಮ ಬಳಿ ಇದೆಯೇ? ವೈದ್ಯರ ಕೈಬರಹದಲ್ಲಿ ಏನಿದೆ?

ದಾವಣಗೆರೆಯ ವೈದ್ಯೆ: ಪ್ರತಿ ಇದೆ. ‘ಡಿಎಂ’ (ಡಯಾಬಿಟಿಸ್ ಮೆಲ್ಲಿಟಸ್, ಅಂದರೆ ಮಧುಮೇಹ) ಎಂದಿದೆ, ಅದರ ಹಿಂದೆ ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ‘ಸ್ಟೀರಾಯ್ಡ್ ನಂತರ’ ಎಂದು ಬರೆದಿದ್ದಾರೆ.

ಉತ್ತರ: ನನಗೆ ಇದೇ ಭಯ. ಆ ಪ್ರಶ್ನಾರ್ಥಕ ಚಿಹ್ನೆಯೇ ವೈದ್ಯರ ಅಭಿಪ್ರಾಯ, ಕಂಪ್ಯೂಟರಿಗೆ ಏರಿಸುವಾಗ ಅದೇ ಬಿದ್ದುಹೋಗಿದೆ. ಹುಡುಕು ಪೆಟ್ಟಿಗೆಯಲ್ಲಿ ‘ಡಿಎಂ’ ಎಂದು ಒತ್ತಿದರೆ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಮೊದಲ ಸಾಲಿಗೆ ಬರುವುದು ಇ11.9. ಎಂಟರ್ ಒತ್ತಿದರೆ ಮುಗಿಯಿತು. ಅಲ್ಲಿಂದ ಅದು ರೋಗಗಳ ಪಟ್ಟಿಗೆ ಸೇರಿ, ಮುಂದಿನ ಭೇಟಿಗಳ ಚೀಟಿಯಲ್ಲೂ ತಾನಾಗಿಯೇ ಅಚ್ಚಾಗುತ್ತದೆ. ಮೂರು ಚೀಟಿಯಲ್ಲಿ ಕಂಡದ್ದನ್ನು ವಿಮೆಯವರು ನಿಜವೆಂದೇ ನಂಬುತ್ತಾರೆ.

ಇಲ್ಲಿ ಮುಖ್ಯ ಕೋಡ್ ತೀವ್ರ ಅಸ್ತಮಾದ ಜೆ46. ಸಕ್ಕರೆ ಏರಿದ್ದಕ್ಕೆ ಆರ್73.9, ಅದರ ಕಾರಣ ಸ್ಟೀರಾಯ್ಡ್ ಎಂದು ತೋರಿಸಲು ವೈ42.0 ಇರಬೇಕಿತ್ತು. ಮಧುಮೇಹ ಇಲ್ಲವೆಂದು ತೀರ್ಮಾನಿಸಬೇಕಾದವರು ಚಿಕಿತ್ಸೆ ಕೊಟ್ಟ ವೈದ್ಯರು, ನಾನಲ್ಲ. ಎರಡೂ ಎಚ್‌ಬಿಎ1ಸಿ ವರದಿ ಹಿಡಿದು ಅವರ ಬಳಿ ಹೋಗಿ. ಹಳೆಯ ಸಾರಾಂಶವನ್ನು ಅಳಿಸುವುದು ಬೇಡ, ಅಳಿಸಿದರೆ ಅನುಮಾನ ಹೆಚ್ಚುತ್ತದೆ. ಇಂದಿನ ದಿನಾಂಕ ಹಾಕಿದ ತಿದ್ದುಪಡಿ ಟಿಪ್ಪಣಿ ಬರೆಸಿ. ದಾಖಲೆ ಕೇಳಿ ರೋಗಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯಲ್ಲಿದೆ. ಟಿಪ್ಪಣಿ, ಕೇಸ್‌ಶೀಟ್ ಪ್ರತಿ, ವರದಿಗಳನ್ನು ಸೇರಿಸಿ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ವಿಚಾರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಆ ಸಾರಾಂಶ ರೋಗಿಯ ಆಭಾ ಖಾತೆಗೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಜೋಡಣೆಯಾಗಿದ್ದರೆ ತಿದ್ದಿದ ಪ್ರತಿಯೂ ಅಲ್ಲಿಗೆ ಸೇರಲಿ.

ಬೆಳಗಾವಿಯ ಡೇಟಾ ಎಂಟ್ರಿ ಸಿಬ್ಬಂದಿ: ತಪ್ಪೆಲ್ಲ ನಮ್ಮ ತಲೆಗೇ ಬರುತ್ತದೆ. ವೈದ್ಯರು ಎರಡಕ್ಷರ ಗೀಚಿ ಹೋಗುತ್ತಾರೆ. ಕೇಳಲು ಹೋದರೆ ‘ಏನಾದರೂ ಹಾಕಿ’ ಎನ್ನುತ್ತಾರೆ.

ಹಾಸನದ ವೈದ್ಯರು: ಹೊರರೋಗಿ ವಿಭಾಗದಲ್ಲಿ ಸಾಲು ಬಾಗಿಲಾಚೆ ನಿಂತಿರುವಾಗ ಕೋಡ್ ಹುಡುಕುತ್ತ ಕೂರಲು ಆಗುತ್ತದೆಯೇ? ಅದಕ್ಕೆಂದೇ ನಿಮಗೆ ಸಂಬಳ ಕೊಡುವುದು.

ಬೆಳಗಾವಿಯ ಡೇಟಾ ಎಂಟ್ರಿ ಸಿಬ್ಬಂದಿ: ಸಂಬಳದ ಮಾತು ಬೇಡ ಸರ್. ರೋಗ ಕಂಡುಹಿಡಿಯಲು ನನಗೆ ಸಂಬಳ ಕೊಟ್ಟಿಲ್ಲ.

ಉತ್ತರ: ಬೆಳಗಾವಿಯವರು ಹೇಳುವುದು ಸರಿ. ಕೋಡ್ ಯಾರು ಬೇಕಾದರೂ ಹುಡುಕಲಿ, ರೋಗದ ಹೆಸರು ಪೂರ್ತಿ ಬರೆಯಬೇಕಾದವರು ವೈದ್ಯರು. ಖಚಿತವಾಗದಿದ್ದರೆ ಲಕ್ಷಣವನ್ನೇ ಕೋಡ್ ಮಾಡಿ: ಜ್ವರಕ್ಕೆ ಆರ್50.9, ಎದೆನೋವಿಗೆ ಆರ್07.4. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಚಿತ್ರದುರ್ಗದ ಸದಸ್ಯರು: ಬೇರೆ ಗುಂಪಿನಿಂದ ಬಂದದ್ದು: ‘ಕ್ಲೇಮ್ ಖಂಡಿತ ಪಾಸಾಗುವ 50 ಕೋಡ್‌ಗಳು’. ಎಲ್ಲರಿಗೂ ಉಪಯೋಗವಾಗಲಿ.

ಉತ್ತರ: ದಯವಿಟ್ಟು ಅಳಿಸಿ. ಮಳೆಗಾಲದ ಜ್ವರಕ್ಕೆಲ್ಲ ಎ91 ಹಾಕಿ ಎಂದಿದೆ. ಐಸಿಡಿ-10ರ ಹಳೆಯ ಆವೃತ್ತಿಗಳಲ್ಲಿ ಎ91 ಎಂದರೆ ರಕ್ತಸ್ರಾವದ ಡೆಂಗಿ. ರೋಗಿಯನ್ನು ಬಿಟ್ಟು ಕ್ಲೇಮ್ ನೋಡಿ ಕೋಡ್ ಆರಿಸುವುದಕ್ಕೆ ವಂಚನೆ ಎಂದು ಹೆಸರು.

ಉಡುಪಿಯ ಆಯುರ್ವೇದ ವೈದ್ಯರು: ಐಸಿಡಿ-11ರಲ್ಲಿ ನಮಗೂ ಕೋಡ್ ಬಂದಿದೆ. ಅದೊಂದನ್ನೇ ಹಾಕಿದರೆ ಸಾಲದೇ?

ಹಾಸನದ ವೈದ್ಯರು: ವಾತ, ಪಿತ್ತಕ್ಕೆ ಕೋಡ್ ಕೊಟ್ಟರೆ ಅದು ರೋಗನಿರ್ಣಯವಾಗುತ್ತದೆಯೇ?

ಉಡುಪಿಯ ಆಯುರ್ವೇದ ವೈದ್ಯರು: ನಾನು ಕೇಳಿದ್ದು ಮೇಡಂ ಅವರನ್ನು. ನಿಮ್ಮ ಡಿಎಂ ಪ್ರಶ್ನಾರ್ಥಕಕ್ಕಿಂತ ನಮ್ಮ ರೋಗನಿದಾನ ಸ್ಪಷ್ಟವಾಗಿದೆ.

ಹಾಸನದ ವೈದ್ಯರು: ಸ್ಪಷ್ಟವಾಗಿದ್ದರೆ ರಕ್ತಪರೀಕ್ಷೆ ಬರೆಯುವುದೇಕೆ?

ಉತ್ತರ: ಇಬ್ಬರೂ ನಿಲ್ಲಿಸಿ. ಆಯುರ್ವೇದ, ಸಿದ್ಧ, ಯುನಾನಿಯ ಎರಡನೇ ಮಾಡ್ಯೂಲ್ ಬಿಡುಗಡೆಯಾದದ್ದು 2024ರ ಜನವರಿ 10ರಂದು, ದೆಹಲಿಯಲ್ಲಿ. ಸಾಂಪ್ರದಾಯಿಕ ವೈದ್ಯದ 26ನೇ ಅಧ್ಯಾಯದ ಕೋಡ್‌ಗಳನ್ನು ಉಳಿದ ಅಧ್ಯಾಯಗಳ ಕೋಡ್ ಜೊತೆಗೆ ಹಾಕಿ. ಮರಣದ ಕಾರಣಕ್ಕೆ ಅವನ್ನು ಬಳಸುವಂತಿಲ್ಲ.

ಕೋಲಾರದ ವೈದ್ಯರು: ಮರಣದ ಕಾರಣದ ಪ್ರಮಾಣಪತ್ರದಲ್ಲಿ ‘ಹೃದಯ ಸ್ತಂಭನ’ ಎಂದರೆ ಸಾಕೇ?

ಉತ್ತರ: ಸಾಲದು. ಸಾವೆಂದರೇ ಹೃದಯ ನಿಲ್ಲುವುದು. ಅದಕ್ಕೆ ದಾರಿಯಾದ ಮೂಲ ರೋಗವನ್ನು ಬರೆಯಿರಿ.

ಚಿತ್ರದುರ್ಗದ ಸದಸ್ಯರು: 10ರ ಕೋಡನ್ನು 11ಕ್ಕೆ ತಾನೇ ಬದಲಿಸುವ ಎಕ್ಸೆಲ್ ಹಾಳೆ ಸಿಕ್ಕಿದೆ, ನೋಡಿ.

ಉತ್ತರ: ನೋಡುವುದಿಲ್ಲ. ಪಾರ್ಶ್ವವಾಯು 10ರಲ್ಲಿ ರಕ್ತಪರಿಚಲನೆಯ ಅಧ್ಯಾಯದಲ್ಲಿತ್ತು, 11ರಲ್ಲಿ ನರಮಂಡಲದ ಅಧ್ಯಾಯಕ್ಕೆ ಹೋಗಿದೆ. ಅನೇಕ ಕೋಡ್‌ಗಳಿಗೆ ಒಂದಕ್ಕೆ ಒಂದು ಎಂಬ ಜೋಡಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋಡಿಂಗ್ ಟೂಲ್ ಉಚಿತವಾಗಿದೆ, ಅದನ್ನು ತೆರೆಯಿರಿ. ಯಾರು ಮಾಡಿದ್ದೆಂದೇ ಗೊತ್ತಿಲ್ಲದ ಹಾಳೆಗೆ ರೋಗಿಗಳ ಪಟ್ಟಿ ಅಂಟಿಸಬೇಡಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರಿಸುವುದು ನಿಲ್ಲಿಸುತ್ತೇನೆ.

ಗದಗದ ಸದಸ್ಯರು: ಐಸಿಡಿ-11 ಕಡ್ಡಾಯವೇ ಮೇಡಂ? 10 ಬಿಡಬೇಕೇ?

ಉತ್ತರ: ಮೊದಲ ಉತ್ತರ ಓದಿ.

ತುಮಕೂರಿನ ದಂತವೈದ್ಯೆ: ನನ್ನ ಪ್ರಶ್ನೆ?

ದಾವಣಗೆರೆಯ ವೈದ್ಯೆ: ಮೇಡಂ, ಆಸ್ಪತ್ರೆಗೆ ಫೋನ್ ಮಾಡಿದೆ. ಡಿಸ್ಚಾರ್ಜ್ ಮುಗಿದ ಮೇಲೆ ಸಾಫ್ಟ್‌ವೇರ್ ತಿದ್ದಲು ಬಿಡುವುದಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಬಿಡದಿದ್ದರೆ ಲೆಟರ್‌ಹೆಡ್‌ನಲ್ಲಿ ಬರೆಯಲಿ. ಒಳರೋಗಿ ಸಂಖ್ಯೆ, ಮೊದಲು ದಾಖಲಾದ ಕೋಡ್, ಸರಿಯಾದ ಕೋಡ್, ಕಾರಣ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ, ಇವಿಷ್ಟು ಇರಬೇಕು. ಬಾಯಿಮಾತಿಗೆ ಒಪ್ಪಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂಬುಡ್ಸ್‌ಮನ್‌ಗೆ ಹೋಗಲು ಒಂದು ವರ್ಷದ ಗಡುವಿದೆ. ತಿರಸ್ಕಾರ ಪತ್ರದ ದಿನಾಂಕ ಯಾವುದು, ಇಂದೇ ನೋಡಿ ತಿಳಿಸಿ.